ಕಿಟಕಿಯ ಕದಕ್ಕೆ ಯಾವ ಮರ ಕೊಳ್ಳಬೇಕು?

ಮನೆ ಕಟ್ಟಿಸುವವರು ಸಾಮಿಲ್ಲಿಗೆ ಹೋದರೆ ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ: "ಕಿಟಕಿಗೆ ಯಾವ ಮರ ಒಳ್ಳೆಯದು?" ಆದರೆ ಕಿಟಕಿ ಎಂದರೆ ಎರಡು ಬೇರೆ ಬೇರೆ ಕೆಲಸ. ಚೌಕಟ್ಟು ಗೋಡೆಯಲ್ಲಿ ಹೂತು ನಿಂತಿರುತ್ತದೆ. ಅದು ಗಟ್ಟಿಯಾಗಿದ್ದು ಗೆದ್ದಲು, ತೇವ ತಡೆದರೆ ಸಾಕು. ತುಸು ಬಾಗಿದರೂ ಗೋಡೆ ಹಿಡಿದುಕೊಳ್ಳುತ್ತದೆ. ಕದದ ಪಾಡು ಹಾಗಲ್ಲ. ಎರಡು ಕೀಲುಗಳ ಮೇಲೆ ತೂಗುವ, ಒಂದು ಕಡೆ ಬಿಸಿಲು, ಇನ್ನೊಂದು ಕಡೆ ನೆರಳು ಕಾಣುವ ತೆಳ್ಳನೆಯ ಪಟ್ಟಿಗಳ ಜೋಡಣೆ ಅದು. ಅದಕ್ಕೆ ಬೇಕಾದದ್ದು ಬಲಕ್ಕಿಂತ ಹೆಚ್ಚಾಗಿ ಸ್ಥಿರತೆ, ಅಂದರೆ ಮಳೆಗಾಲದಲ್ಲಿ ಉಬ್ಬದೆ, ಬೇಸಿಗೆಯಲ್ಲಿ ತಿರುಚದೆ ಇರುವ ಗುಣ. ಚೌಕಟ್ಟಿಗೆ ತಂದ ಮತ್ತಿ ಮರದಲ್ಲೇ ಕದವನ್ನೂ ಮಾಡಿಸುವುದು ಮಲೆನಾಡಿನಲ್ಲಿ ಈಗಲೂ ನಡೆಯುತ್ತದೆ. ಎರಡನೇ ಮಳೆಗಾಲಕ್ಕೆ ಚಿಲಕ ಕೂರುವುದಿಲ್ಲ ಎಂಬ ದೂರು ಬರುವುದೂ ಅಂಥ ಮನೆಗಳಿಂದಲೇ.

ಮೊದಲು ಲೆಕ್ಕ ನೋಡೋಣ. ನಾಲ್ಕು ಅಡಿ ಚೌಕದ, ಎರಡು ಕದಗಳ ಕಿಟಕಿ ಎಂದಿಟ್ಟುಕೊಳ್ಳಿ. ಪ್ರತಿ ಕದಕ್ಕೆ ನಾಲ್ಕಡಿಯ ಎರಡು ನಿಲುಪಟ್ಟಿ, ಎರಡಡಿಯ ಮೂರು ಅಡ್ಡಪಟ್ಟಿ, ಒಟ್ಟು 14 ಅಡಿ. ಎರಡು ಕದಕ್ಕೆ 28 ಅಡಿ. ಹೆರೆದು ಮುಗಿದಾಗ ಪಟ್ಟಿ ಮೂರು ಇಂಚು ಅಗಲ, ಒಂದೂಕಾಲು ಇಂಚು ದಪ್ಪ ಉಳಿಯಬೇಕಾದರೆ ಕೊಯ್ಯುವಾಗ ಮೂರೂಕಾಲು, ಒಂದೂವರೆ ಇಂಚು ಇಡಬೇಕು. ಇದು 0.95 ಘನ ಅಡಿ ಆಗುತ್ತದೆ. ಗಂಟು, ಸೀಳು, ತುದಿ ಎಂದು ಕಾಲು ಭಾಗ ಸೇರಿಸಿದರೂ 1.2 ಘನ ಅಡಿ. ಅದೇ ಕಿಟಕಿಯ ನಾಲ್ಕು-ಮೂರು ಇಂಚಿನ ಚೌಕಟ್ಟು ವ್ಯರ್ಥವನ್ನು ಬಿಟ್ಟೇ ಸುಮಾರು 1.4 ಘನ ಅಡಿ ನುಂಗುತ್ತದೆ. ಆದ್ದರಿಂದ ದುಡ್ಡು ಉಳಿಸಲೇಬೇಕಾದರೆ ಚೌಕಟ್ಟಿನಲ್ಲಿ ಉಳಿಸಿ. ಚೌಕಟ್ಟಿಗೆ ಮತ್ತಿ, ಹೊನ್ನೆ ಅಥವಾ ಬೋಗಿ ಹಾಕಿ, ಕದದ ಪಟ್ಟಿಗೆ ತೇಗ ತಂದರೆ ಒಟ್ಟು ಖರ್ಚು ಹೆಚ್ಚೇನೂ ಏರುವುದಿಲ್ಲ.

ತೇಗವೇ ಏಕೆ? ಹವೆಯಲ್ಲಿ ಒಣಗಿದ ತೇಗ ಘನ ಮೀಟರಿಗೆ ಸುಮಾರು 650 ಕೆ.ಜಿ. ತೂಗುತ್ತದೆ, ಮತ್ತಿ 800 ದಾಟುತ್ತದೆ. ಹಲಗೆ ತುಂಬಿದ ಒಂದು ಕದ ತೇಗದಲ್ಲಿ ಹತ್ತು ಕೆ.ಜಿ. ಆಸುಪಾಸು ಬಂದರೆ ಮತ್ತಿಯಲ್ಲಿ ಹದಿಮೂರು. ಆ ಮೂರು ಕೆ.ಜಿ. ದಿನವೂ ಮೇಲಿನ ಕೀಲಿನ ತಿರುಪುಗಳನ್ನು ಎಳೆಯುತ್ತಿರುತ್ತದೆ. ತೂಕಕ್ಕಿಂತ ಮುಖ್ಯವಾದದ್ದು ತೇಗದ ಹಿಗ್ಗು-ಕುಗ್ಗು ಕಡಿಮೆ ಎಂಬುದು. ಮರದ ತೇವಾಂಶ ಶೇ. 1 ಏರಿದರೆ, ತುದಿಯಲ್ಲಿ ಕಾಣುವ ಬೆಳವಣಿಗೆಯ ಉಂಗುರಗಳ ಉದ್ದಕ್ಕೆ ತೇಗ ಶೇ. 0.19ರಷ್ಟು ಹಿಗ್ಗುತ್ತದೆ, ಉಂಗುರಗಳಿಗೆ ಅಡ್ಡವಾಗಿ ಶೇ. 0.1ರಷ್ಟು. ಈ ಎರಡು ಅಂಕಿಗಳ ನಡುವಿನ ಅಂತರದಲ್ಲೇ ಮರ ಆರಿಸುವ ಅರ್ಧ ವಿದ್ಯೆ ಅಡಗಿದೆ.

ಎರಡು ಕದದ ಕಿಟಕಿಯಲ್ಲಿ ನಾಲ್ಕು ನಿಲುಪಟ್ಟಿಗಳಿರುತ್ತವೆ; ಮೂರಿಂಚಿನಂತೆ ಒಟ್ಟು 300 ಮಿ.ಮೀ. ಅಗಲ. ಮಾರ್ಚಿನಿಂದ ಆಗಸ್ಟಿಗೆ ತೇವಾಂಶ ಶೇ. 6 ಏರಿತೆನ್ನಿ. ಉಂಗುರಗಳು ಮಲಗಿರುವಂತೆ ಕೊಯ್ದ ಪಟ್ಟಿಯಾದರೆ ಒಟ್ಟು 3.4 ಮಿ.ಮೀ. ಹಿಗ್ಗುತ್ತದೆ. ಉಂಗುರಗಳು ನೆಟ್ಟಗೆ ನಿಂತಿರುವಂತೆ ಕೊಯ್ದದ್ದಾದರೆ 1.8 ಮಿ.ಮೀ. ಮಾತ್ರ. ಒಳ್ಳೆಯ ಬಡಗಿ ಎರಡು ಕದಗಳ ನಡುವೆ 2–3 ಮಿ.ಮೀ., ಕೀಲಿನ ಬದಿಗಳಲ್ಲಿ ಒಂದೂವರೆಯಷ್ಟು ಸಂದು ಬಿಡುತ್ತಾನೆ. ಬಣ್ಣದ ಪದರಗಳು ಸೇರಿ ಆ ಸಂದೂ ಕಿರಿದಾದಾಗ ಮಲಗಿದ ಉಂಗುರದ ಪಟ್ಟಿ ಜಗಳ ತೆಗೆಯುತ್ತದೆ, ನಿಂತ ಉಂಗುರದ್ದು ಸುಮ್ಮನಿರುತ್ತದೆ. ಎರಡೂ ಒಂದೇ ಮರದ ತುಂಡುಗಳೇ ಆಗಿರಬಹುದು.

ಹಾಗಾಗಿ ಸಾಮಿಲ್ಲಿನಲ್ಲಿ ಹಲಗೆಯ ಮುಖ ನೋಡುವ ಮೊದಲು ತುದಿ ನೋಡಿ. ತುದಿಯಲ್ಲಿ ಗೆರೆಗಳು ಅಗಲದ ಮುಖಕ್ಕೆ ಹೆಚ್ಚುಕಡಿಮೆ ಲಂಬವಾಗಿದ್ದರೆ ಅದು ನಿಲುಪಟ್ಟಿಗೆ. ಬಿಲ್ಲಿನಂತೆ ಮಲಗಿದ್ದರೆ ಗಿಡ್ಡ ಅಡ್ಡಪಟ್ಟಿಗೆ ಇಡಿ. ಮುಖದ ಮೇಲೆ ಬೆಟ್ಟದ ಸಾಲಿನಂಥ ಚಂದದ ಚಿತ್ತಾರ ಕಾಣುವುದು ಮಲಗಿದ ಉಂಗುರದ ಹಲಗೆಯಲ್ಲೇ. ಗಿರಾಕಿಗಳು ಮನಸೋಲುವುದೂ ಅದಕ್ಕೇ. ಅದು ಮೇಜಿಗೆ ಇರಲಿ. ಕದಕ್ಕೆ ನೇರ ಗೆರೆಯ ನೀರಸ ಮರವೇ ಬೇಕು.

ತುದಿಯಲ್ಲಿ ಇನ್ನೂ ಎರಡು ಸಂಗತಿ ಕಾಣುತ್ತವೆ. ನಟ್ಟನಡುವಿನ ಮೆತ್ತನೆಯ ತಿರುಳು ಪಟ್ಟಿಯೊಳಗೆ ಬಂದಿದ್ದರೆ ಅದು ಇವತ್ತಲ್ಲ ನಾಳೆ ಉದ್ದಕ್ಕೂ ಸೀಳುತ್ತದೆ, ಬೇಡ. ಹೊರಗಿನ ಬಿಳಿ ಭಾಗ ಇದ್ದರೆ ಅದಕ್ಕೆ ಕುಟ್ಟೆ ಹಿಡಿಯುತ್ತದೆ, ಮಳೆ ನೀರಿಗೆ ಕೊಳೆಯುತ್ತದೆ. ತೇಗಕ್ಕೆ ಹುಳ ಬೀಳುವುದಿಲ್ಲ ಎಂಬ ಹೆಸರು ಬಂದಿರುವುದು ಅದರ ಚೇಗಿನಿಂದ, ಅಂದರೆ ಬಿಳಿಯ ಒಳಗಿರುವ ಬಣ್ಣದ ಗಟ್ಟಿ ಭಾಗದಿಂದ. ತೇಗದ ಬಿಳಿಗೂ ಮಾವಿನ ಹಲಗೆಗೂ ಆ ವಿಷಯದಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಘಾನಾ, ಈಕ್ವೆಡಾರ್, ಕೊಲಂಬಿಯಾಗಳಿಂದ ಬರುವ ತೋಟದ ತೇಗದಲ್ಲಿ ದಿಮ್ಮಿಗಳು ಸಣ್ಣವು. ಬಿಳಿಯೂ ತಿರುಳೂ ಕಳೆದರೆ ನಡುವೆ ಉಳಿಯುವ ಚೇಗು ಸ್ವಲ್ಪವೇ. ಘನ ಅಡಿಗೆ ಅಗ್ಗ ಎಂದು ಕೊಂಡು ಮೂರರಲ್ಲಿ ಒಂದು ಪಾಲು ಎಸೆಯಬೇಕಾಗಿ ಬಂದರೆ ಅಗ್ಗವಾದದ್ದೆಲ್ಲಿ? ತೋಟದ ತೇಗ ಕೆಟ್ಟದ್ದೇನಲ್ಲ, ಆದರೆ ದಿಮ್ಮಿಯ ಲೆಕ್ಕದಲ್ಲಿ ಕೊಳ್ಳದೆ ಕೊಯ್ದ ಪಟ್ಟಿಯಾಗಿ, ಒಂದೊಂದನ್ನೇ ತಿರುಗಿಸಿ ನೋಡಿ ಕೊಳ್ಳಿ. 'ಆಫ್ರಿಕನ್ ಟೀಕ್' ಎಂದು ಮಾರುವುದು ಹೆಚ್ಚಾಗಿ ಇರೋಕೊ, ಬೇರೆಯೇ ಮರ. ಬಾಳಿಕೆ ಬರುತ್ತದೆ, ಆದರೆ ನಾರು ಹಿಂದುಮುಂದಾಗಿ ಹೆಣೆದುಕೊಂಡಿರುವುದರಿಂದ ಹೆರೆಯುವಾಗ ಕಿತ್ತು ಬರುತ್ತದೆ. ಅಸಲಿ ತೇಗವನ್ನು ಹೆರೆದ ಕೂಡಲೇ ಚರ್ಮದಂಥ ವಾಸನೆ, ಕೈಗೆ ಎಣ್ಣೆಯ ಜಿಡ್ಡು. ಬಣ್ಣ ನೋಡಿ ನಿರ್ಧರಿಸಬೇಡಿ. ಬಣ್ಣ ಹಚ್ಚುವುದು ಸುಲಭ. ದೊಡ್ಡ ಮೊತ್ತದ ಖರೀದಿಯಲ್ಲಿ ಅನುಮಾನ ಬಂದರೆ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ತುಂಡನ್ನು ಪರೀಕ್ಷೆಗೆ ಕೊಡಬಹುದು.

ತೇಗ ಕೈಗೆಟುಕದಿದ್ದರೆ ಕರಾವಳಿಯವರ ಹಳೆಯ ಉತ್ತರ ಹಲಸು ಮತ್ತು ಹೆಬ್ಬಲಸು. ಹಲಸಿನ ಹಳದಿ ಚೇಗು ವರ್ಷಗಳು ಕಳೆದಂತೆ ಕಂದಾಗುತ್ತದೆ, ಗೆದ್ದಲು ಅಷ್ಟಾಗಿ ಮುಟ್ಟುವುದಿಲ್ಲ, ತೂಕ ತೇಗದ ಆಸುಪಾಸು. ಇದರ ತೊಂದರೆ ಉದ್ದದ್ದು: ನಾಲ್ಕಡಿ ನೇರ ನಾರು ಸಿಗುವ ಹಲಸಿನ ಮರ ಅಪರೂಪ. ಹೆಬ್ಬಲಸು ನೆಟ್ಟಗೆ ಎತ್ತರ ಬೆಳೆಯುವುದರಿಂದ ಆ ಚಿಂತೆಯಿಲ್ಲ. ದೋಣಿಗೆ ಬಳಸುವ ಮರ, ನೀರಿಗೆ ಅಂಜುವುದಿಲ್ಲ. ಹೊನ್ನೆ ಗಟ್ಟಿ, ಬಾಳಿಕೆಯ ಮರ, ಆದರೆ ಭಾರ; ಜೊತೆಗೆ ಒದ್ದೆಯಾದಾಗ ಬಣ್ಣ ಬಿಡುತ್ತದೆ, ಸುಣ್ಣದ ಗೋಡೆಯ ಮೇಲೆ ಹಳದಿ ಕಲೆ ಇಳಿಯುತ್ತದೆ. ನಂದಿಯನ್ನು ಕದಕ್ಕೆ ಬಳಸುವವರಿದ್ದಾರೆ, ನಿಧಾನವಾಗಿ ಒಣಗಿಸಿದರೆ ಪರವಾಗಿಲ್ಲ. ಬಯಲುಸೀಮೆಯ ಬೇವು ಹುಳಕ್ಕೆ ಜಗ್ಗದು, ನಾರು ಮಾತ್ರ ಹೆಣೆದುಕೊಂಡಿರುತ್ತದೆ. ಶಿವನೆ ಹಗುರ, ಅಚ್ಚರಿಯೆನಿಸುವಷ್ಟು ಸ್ಥಿರ; ಸೂರಿನ ನೆರಳಲ್ಲಿರುವ ಕಿಟಕಿಯ ಒಳಹಲಗೆಗೆ ಅದಕ್ಕಿಂತ ಒಳ್ಳೆಯದು ಆ ಬೆಲೆಗೆ ಸಿಗುವುದು ಕಷ್ಟ. ನೀಲಗಿರಿ, ಅಕೇಶಿಯಾಗಳಲ್ಲಿ ಕದ ಬೇಡ. ಸಿಲ್ವರ್ ಓಕ್ ಹೊರಗಿನ ಮಳೆಗೆ ನಿಲ್ಲದು.

ಸ್ವಂತ ಜಮೀನಿನ ಮರ ಬಳಸುವವರು ಕೊಡಲಿ ಎತ್ತುವ ಮೊದಲು 1976ರ ಮರ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕೇ ಎಂದು ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿ. ಕೊಂಡ ನಾಟಾಕ್ಕೆ ಬಿಲ್ಲು ಇಟ್ಟುಕೊಳ್ಳಿ.

ನಮ್ಮ ಮಟ್ಟಿಗೆ ಅತ್ಯುತ್ತಮ ಆಯ್ಕೆ ಇವು ಯಾವುವೂ ಅಲ್ಲ. ಕೆಡವಿದ ಹಳೆಯ ಮನೆಯ ತೇಗದ ತೊಲೆ. ಬೆಂಗಳೂರಿನ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಯಂಥ ಕಡೆ ಹುಡುಕಿದರೆ ಸಿಗುತ್ತದೆ. ಉಂಗುರಗಳು ಒತ್ತೊತ್ತಾಗಿರುತ್ತವೆ, ಬಿಳಿ ಕಡಿಮೆ. ಕೊಯ್ಯುವ ಮೊದಲು ಅಯಸ್ಕಾಂತ ಹಿಡಿದು ಮೊಳೆ ಹುಡುಕಿ, ಇಲ್ಲವಾದರೆ ಗರಗಸದ ಹಲ್ಲು ಹೋಗುತ್ತದೆ. ಪ್ರತಿ ಮುಖದಲ್ಲೂ ಕಾಲಿಂಚು ಹೆರೆದು ಹೋಗುತ್ತದೆಂದು ಲೆಕ್ಕ ಹಾಕಿ. ಹಳೆಯದೆಂದು ಕೊಯ್ದ ದಿನವೇ ಜೋಡಿಸಬೇಡಿ. ದಪ್ಪ ತೊಲೆಯೊಳಗೆ ಅದುಮಿಕೊಂಡಿದ್ದ ಬಿಗಿತ ಕೊಯ್ದಾಗ ಬಿಡುಗಡೆಯಾಗಿ ಪಟ್ಟಿ ಬಾಗುತ್ತದೆ. ಎರಡು ಮೂರು ವಾರ ಬಿಟ್ಟು, ಬಾಗುವಷ್ಟು ಬಾಗಿದ ಮೇಲೆ ಕೊನೆಯ ಅಳತೆಗೆ ಹೆರೆಯಿರಿ.

ಹೊಸ ಮರದಲ್ಲಿ ಹದದ ಕೆಲಸ ಇನ್ನೂ ದೊಡ್ಡದು. ಕದದ ಪಟ್ಟಿಗೆ ಒಳನಾಡಿನಲ್ಲಿ ಶೇ. 10–12, ಕರಾವಳಿಯಲ್ಲಿ ಶೇ. 14ರಷ್ಟು ತೇವಾಂಶವಿದ್ದರೆ ಸರಿ. ಮಂಗಳೂರಿನ ಜುಲೈಯಲ್ಲಿ ಬಯಲಲ್ಲಿ ಪೇರಿಸಿಟ್ಟ ಮರ 16–18ಕ್ಕಿಂತ ಕೆಳಗಿಳಿಯುವುದು ಕಷ್ಟ. ಬೇಸಿಗೆಯಲ್ಲೇ ಒಣಗಿಸಿ ಅಥವಾ ಮರ ಒಣಗಿಸುವ ಕಿಲ್ನ್‌ಗೆ ಕೊಡಿ. ಪೇರಿಸುವಾಗ ಹಲಗೆಗಳ ನಡುವೆ ಎರಡಡಿಗೊಂದರಂತೆ ಇಂಚು ದಪ್ಪದ ರೀಪರು ಇಡಿ; ಮೇಲಿನ ರೀಪರು ಕೆಳಗಿನದರ ನೇರಕ್ಕೇ ಬರಬೇಕು. ತಪ್ಪಿದರೆ ಹಲಗೆ ಅಲ್ಲೇ ಬಾಗಿ ಒಣಗುತ್ತದೆ. ತುದಿಗಳಿಗೆ ಬಣ್ಣ ಅಥವಾ ಮೇಣ ಬಳಿಯಿರಿ, ನೀರು ಅಲ್ಲಿಂದ ಬೇಗ ಹೋಗಿ ಸೀಳುವುದೇ ಹೆಚ್ಚು. ತೇವಾಂಶ ಅಳೆಯುವ ಮೀಟರಿಲ್ಲದಿದ್ದರೆ ಹಲಗೆಯ ನಡುವಿನಿಂದ ಚಿಕ್ಕ ತುಂಡು ಕತ್ತರಿಸಿ ತೂಗಿ. ಓವನ್ನಿನಲ್ಲಿ 103 ಡಿಗ್ರಿಯ ಆಸುಪಾಸಿನಲ್ಲಿ, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ. 56 ಗ್ರಾಂ ಇದ್ದದ್ದು 50ಕ್ಕೆ ನಿಂತರೆ, ಕಳೆದ 6ನ್ನು 50ರಿಂದ ಭಾಗಿಸಿ: ಶೇ. 12. "ಒಣಗಿದೆ ಸಾರ್" ಎನ್ನುವ ಮಾತಿಗೆ ಈ ಪರೀಕ್ಷೆಯೇ ಉತ್ತರ.

ಜೋಡಣೆಯಲ್ಲಿ ಮರದ ಆಯ್ಕೆ ಕೆಡುವುದು ಎರಡು ಕಡೆ. ಒಳಹಲಗೆಯನ್ನು ಗಾಡಿಯೊಳಗೆ, ಅಂದರೆ ಪಟ್ಟಿಯ ಅಂಚಿನಲ್ಲಿ ಅದಕ್ಕಾಗಿ ಕೊರೆದ ಕಾಲುವೆಯೊಳಗೆ, ಅಂಟು ಹಾಕಿ ಬಿಗಿಯುವುದು ಒಂದು. ಒಂದೂವರೆ ಅಡಿ ಅಗಲದ ತೇಗದ ಹಲಗೆ ಅದೇ ಶೇ. 6ರ ಏರಿಕೆಗೆ ಐದು ಮಿ.ಮೀ.ವರೆಗೆ ಹಿಗ್ಗಬಲ್ಲದು, ಜಾಗ ಸಿಗದಿದ್ದರೆ ಕದದ ಮೂಲೆಯನ್ನೇ ಒದ್ದು ಬಿಡಿಸುತ್ತದೆ. ಗಾಡಿ 12 ಮಿ.ಮೀ. ಆಳ ಇರಲಿ, ಎರಡೂ ಬದಿ ಮೂರು ಮಿ.ಮೀ. ಖಾಲಿ ಬಿಡಿ, ಅಂಟು ಬೇಡ. ಮೂಲೆಯ ಕಂಡಿ-ನಾಲಿಗೆಗಳಿಗೆ (ಒಂದು ಪಟ್ಟಿಯ ತೂತಿನಲ್ಲಿ ಇನ್ನೊಂದರ ತುದಿ ಕೂರುವ ಜೋಡಣೆ) ಮಾತ್ರ ಅಂಟು, ಜೊತೆಗೆ ಬಿದಿರಿನ ಮೊಳೆ. ಇನ್ನೊಂದು, ಕೆಳಗಿನ ಅಂಚು. ಕದ ತೂಗುಹಾಕಿದ ಮೇಲೆ ಬಣ್ಣ ಬಳಿಯುವವನ ಕುಂಚ ಅಲ್ಲಿಗೆ ಹೋಗುವುದಿಲ್ಲ. ನಿಲುಪಟ್ಟಿಯ ತೆರೆದ ನಾರು ನೀರು ಹೀರುವುದು ಅಲ್ಲಿಂದಲೇ, ಕೊಳೆ ಶುರುವಾಗುವುದೂ ಅಲ್ಲಿಂದಲೇ. ಕೀಲು ಹಾಕುವ ಮೊದಲೇ ಕದವನ್ನು ತಲೆಕೆಳಗಾಗಿ ನಿಲ್ಲಿಸಿ, ಆ ಅಂಚಿಗೆ ಎರಡು ಮೂರು ಸಲ ಪ್ರೈಮರ್ ಕುಡಿಸಿ.