ಜೀಪು ಹಳ್ಳದ ಆಚೆ ದಡದಲ್ಲಿ ನಿಲ್ಲಲಿ

ನಮ್ಮ ಕಡೆ ವಾರ್ಡ್ ಸಭೆ ಅಂದರೆ ಮನೆ ಯಾರಿಗೆ ಬಂತು, ಕೊಟ್ಟಿಗೆ ಬಿಲ್ ಯಾರಿಗೆ ಆಯಿತು, ಇಷ್ಟೇ. ಕಾನೂನಿನ ಪ್ರಕಾರ ಆರು ತಿಂಗಳಿಗೆ ಒಮ್ಮೆಯಾದರೂ ಆಗಬೇಕು. ಆಗುತ್ತೆ ಕೂಡ, ಎಷ್ಟೋ ಸಲ ಬರೀ ಪುಸ್ತಕದಲ್ಲಿ. ಆದರೆ 2025ರ ಮೇ ತಿಂಗಳ ಸಭೆಗೆ ಶಾಲೆ ಜಗಲಿಯಲ್ಲಿ ಕೂರೋಕೆ ಜಾಗ ಸಾಲಲಿಲ್ಲ. ಹಿಂದಿನ ವರ್ಷ ಜುಲೈ 16ಕ್ಕೆ ಅಂಕೋಲಾದ ಶಿರೂರಲ್ಲಿ ಗುಡ್ಡ ಹೆದ್ದಾರಿಗೇ ಇಳಿದಿತ್ತು. ಅದೇ ತಿಂಗಳ 30ರ ಬೆಳಗಿನ ಜಾವ ವಯನಾಡಿನಲ್ಲಿ ಮಲಗಿದ್ದ ಜನ ಮಲಗಿದ್ದಲ್ಲೇ ಹೋದರು. 2018ರಲ್ಲಿ ಕೊಡಗು ಆದಾಗ ನಾವು ಟಿವಿ ನೋಡಿ ಅಯ್ಯೋ ಅಂದು ಸುಮ್ಮನಾಗಿದ್ದೆವು. ಈ ಸಲ ಹಾಗಾಗಲಿಲ್ಲ.

ನಮ್ಮದು ಹೊಸನಗರ ತಾಲ್ಲೂಕು, ನಗರದ ಕಡೆ. ಒಂದು ಕಡೆ ಹುಲಿಕಲ್ ಘಾಟಿ, ಇನ್ನೊಂದು ಕಡೆ ಹಿನ್ನೀರು. ಘಾಟಿ ಮುಚ್ಚಿದರೆ ಮಣಿಪಾಲದ ದೊಡ್ಡಾಸ್ಪತ್ರೆ ದಾರಿ ಮುಚ್ಚಿದ ಹಾಗೆ. ಅಂಥ ಊರಲ್ಲಿ ಪಂಚಾಯ್ತಿ ಗೋಡೆಗೆ ತುರ್ತು ಸಂದರ್ಭದಲ್ಲಿ 112ಕ್ಕೆ ಕರೆ ಮಾಡಿ ಅಂತ ಚೀಟಿ ಅಂಟಿಸಿದ್ದರು. ಕಾಲೇಜು ಓದುವ ಹುಡುಗಿಯೊಬ್ಬಳು ಎದ್ದು, "ಕರೆ ಎಲ್ಲಿಂದ ಮಾಡೋದು ಸರ್?" ಅಂದಳು. ಎಲ್ಲರೂ ನಕ್ಕರು. ನಗೋ ವಿಷಯವೇನಲ್ಲ. ಗಾಳಿ ಮಳೆಗೆ ಲೈನ್ ಮೇಲೆ ಮರ ಬೀಳುತ್ತೆ, ಕರೆಂಟ್ ಹೋಗುತ್ತೆ, ಸ್ವಲ್ಪ ಹೊತ್ತಿಗೆ ಟವರಿನ ಬ್ಯಾಟರಿ ಮುಗಿಯುತ್ತೆ, ಡೀಸೆಲ್ ಹಾಕೋಕೆ ಯಾರೂ ಬರಲ್ಲ, ಅಲ್ಲಿಗೆ ಮೊಬೈಲ್ ಇದ್ದೂ ಇಲ್ಲ. ಆಮೇಲೆ ಮಾವಿನಮರದ ದಿಬ್ಬ ಹತ್ತಿ, ಆಚೆ ಊರಿನ ಟವರ್ ಒಂದು ಕಡ್ಡಿ ಸಿಕ್ಕರೆ ಪುಣ್ಯ.

ಆ ಪ್ರಶ್ನೆಯಿಂದಲೇ ಮಾತು ಬೇರೆ ದಾರಿ ಹಿಡಿಯಿತು. ಹೊರಗಿನವರು ಬರೋದು ತಡ ಆಗುತ್ತೆ ಅಂತಲೇ ಇಟ್ಟುಕೊಳ್ಳೋಣ, ಅಲ್ಲಿಯವರೆಗೆ ನಮ್ಮ ಹತ್ತಿರ ಏನಿದೆ? ಮರ ಕೊಯ್ಯುವ ಮಿಷನ್ ಯಾರ ಮನೇಲಿದೆ, ದಪ್ಪ ಹಗ್ಗ ಯಾರ ಹತ್ತಿರ, ಮಳೆಗಾಲದಲ್ಲೂ ಸ್ಟಾರ್ಟ್ ಆಗುವ ಜೀಪು ಯಾವುದು? ಆಶಾ ಕಾರ್ಯಕರ್ತೆ ಅಕ್ಕ ತಮ್ಮ ರಿಜಿಸ್ಟರಿನ ಕೊನೇ ಹಾಳೆ ಬಿಡಿಸಿ ಬರೆಯತೊಡಗಿದರು. ನಿಜ ಹೇಳಬೇಕು ಅಂದರೆ ಊರಿನ ಬಗ್ಗೆ ಮೆಂಬರಿಗಿಂತ ಜಾಸ್ತಿ ಅವರಿಗೆ ಗೊತ್ತು. ಯಾರು ಬಸುರಿ, ಯಾರು ಡಯಾಲಿಸಿಸ್‌ಗೆ ಹೋಗ್ತಾರೆ, ಯಾವ ಮನೇಲಿ ವಯಸ್ಸಾದವರು ಒಬ್ಬರೇ ಇದ್ದಾರೆ, ಎಲ್ಲ ಬಾಯಲ್ಲೇ ಇತ್ತು. ಎತ್ತಿಕೊಂಡು ಹೋಗಬೇಕಾದವರು ಅಂತ ಒಂದು ಸಾಲು ಮಾಡಿದಾಗ ಅಜ್ಜಿಯೊಬ್ಬರಿಗೆ ಸಿಟ್ಟೇ ಬಂತು. "ನನ್ನ ಹೆಸರು ಹೊಡೆದು ಹಾಕೇ. ನಾನು ಇವತ್ತೂ ದರೆ ಹತ್ತಿ ಸೊಪ್ಪು ತಂದಿದೀನಿ." ಅಕ್ಕ ಅವರೆದುರೇ ಹೆಸರು ಹೊಡೆದರು. ಆಮೇಲೆ ಅಜ್ಜಿ ಆ ಕಡೆ ತಿರುಗಿದಾಗ ಪೆನ್ಸಿಲ್ಲಲ್ಲಿ ಪಕ್ಕಕ್ಕೆ ಬರೆದುಕೊಂಡರು.

ಮುಂದಿನ ಭಾನುವಾರ ಒಂದಷ್ಟು ಜನ ಊರು ಸುತ್ತಿದೆವು. ಮೆಂಬರ್, ಲೈನ್‌ಮ್ಯಾನ್, ಆಶಾ ಅಕ್ಕ, ಉಳಿದವರು ನಮ್ಮಂಥವರು. ಚರಂಡಿಯ ಕಥೆ ಹೇಳಿದರೆ ಮುಗಿಯಲ್ಲ. ಪ್ರತಿ ಮನೆಯವರೂ ತಮ್ಮ ಗೇಟಿನ ಮುಂದೆ ಸಣ್ಣ ಪೈಪು ಹಾಕಿ ಮೇಲೆ ಮಣ್ಣು ತುಂಬಿದ್ದಾರೆ, ಕಾರು ಒಳಗೆ ಬರಬೇಕಲ್ಲ. ಪೈಪಿಗೆ ಸೋಗೆ ಸಿಕ್ಕಿಕೊಳ್ಳುತ್ತೆ, ನೀರು ರಸ್ತೆಗೆ ಬರುತ್ತೆ, ರಸ್ತೆಯಿಂದ ಕೆಳಗಿನವರ ದರೆಗೆ, ಅಂದರೆ ಮನೆ ಹಿಂದಿನ ಕಡಿದಾದ ಮಣ್ಣಿನ ದಿಣ್ಣೆಗೆ, ಇಳಿಯುತ್ತೆ. ದರೆ ಬಿದ್ದ ಮೇಲೆ ಎಲ್ಲರೂ ಮಳೆಯನ್ನು ಬೈಯುತ್ತೇವೆ.

ಒಂದು ಮನೆ ಹಿಂದೆ ಮಾತ್ರ ಎಲ್ಲರೂ ನಿಂತುಬಿಟ್ಟೆವು. ಶೆಡ್ಡಿಗೆ ಜಾಗ ಬೇಕು ಅಂತ ಜೆಸಿಬಿ ತರಿಸಿ ದರೆಯನ್ನು ನೆಟ್ಟಗೆ ಗೋಡೆ ಥರ ಕಡಿಸಿದ್ದರು. ಮೇಲೆ ಗಟ್ಟಿ ಜಂಬಿಟ್ಟಿಗೆ, ಅದರ ಕೆಳಗೆ ಬಿಳಿ ಗುಲಾಬಿ ಬಣ್ಣದ ಶೇಡಿ ಮಣ್ಣು. ಒಣಗಿದ್ದಾಗ ಏನೂ ಅನ್ನಿಸಲ್ಲ. ನಮ್ಮ ಜೊತೆಗಿದ್ದ ಹಿರಿಯರೊಬ್ಬರು ಒಂದು ಹಿಡಿ ತೆಗೆದು, ಬಾಟಲಿ ನೀರು ಹಾಕಿ ಹಿಚುಕಿದರು. ದೋಸೆ ಹಿಟ್ಟಿನ ಹಾಗೆ ಬೆರಳ ಸಂದಿಯಿಂದ ಇಳಿಯಿತು. ಆಮೇಲೆ ದರೆ ಮೇಲೆ ಕರೆದುಕೊಂಡು ಹೋಗಿ, ತರಗೆಲೆ ಸರಿಸಿ ತೋರಿಸಿದರು. ಉದ್ದಕ್ಕೆ ಬಿರುಕು. ಕೋಲು ಹಾಕಿದರೆ ಸಲೀಸಾಗಿ ಒಳಗೆ ಹೋಯಿತು. ಮೇಲಿನ ನೀರು ಅಲ್ಲಿಂದ ಇಳಿದು ಶೇಡಿ ನೆನೆಯಿತು ಅಂದರೆ ಮೇಲಿನ ಭಾರ ತಡೆಯಲ್ಲ.

"ಅಣ್ಣಯ್ಯ, ಈ ಮಳೆಗಾಲ ಹಿಂದಿನ ಕೋಣೇಲಿ ಮಲಗಬೇಡಿ" ಅಂದರು ಮೆಂಬರ್.

"ಮೂವತ್ತು ವರ್ಷದಿಂದ ಏನೂ ಆಗಿಲ್ಲ ಮಾರಾಯ."

"ಮೂವತ್ತು ವರ್ಷದಿಂದ ಜೆಸಿಬಿ ಬಂದಿರಲಿಲ್ಲ ಅಣ್ಣಯ್ಯ."

ಅವರು ಮಾತಾಡಲಿಲ್ಲ. ಬಿರುಕಿಗೆ ಮಣ್ಣು ತುಂಬಿ ಮೇಲೆ ಟಾರ್ಪಲ್ ಹೊದೆಸಿ, ನೀರು ಪಕ್ಕಕ್ಕೆ ಹೋಗುವ ಹಾಗೆ ಅಗಳು ತೆಗೆಯೋಕೆ ಒಪ್ಪಿದರು. ಅದೇ ಗುಡ್ಡದ ನೆತ್ತಿಯಲ್ಲಿ ಇಂಗುಗುಂಡಿ ತೆಗೆಸೋ ಯೋಚನೆಯೂ ಯಾರಿಗೋ ಇತ್ತು. ಇಂಗುಗುಂಡಿ ಒಳ್ಳೆಯದೇ, ಆದರೆ ಇಷ್ಟು ಕಡಿದಾದ ಕಡೆ, ಕೆಳಗೆ ಮನೆ ಇರುವಾಗ ಬೇಡ ಅಂತ ಜಗಳ ಮಾಡಿಯೇ ಬಿಡಿಸಿದೆವು.

ಇನ್ನೊಂದು ತೀರ್ಮಾನ ಆಗ ಸಣ್ಣದು ಅನ್ನಿಸಿತ್ತು. ರೆಡ್ ಅಲರ್ಟ್ ಬಂದ ದಿನ ಒಂದು ಜೀಪು ಹಳ್ಳದ ಆಚೆ, ಟಾರು ರಸ್ತೆ ಕಡೆಯೇ ನಿಲ್ಲಬೇಕು. ಎಲ್ಲ ಜೀಪೂ ಈಚೆ ದಡದಲ್ಲಿದ್ದರೆ ರಸ್ತೆ ಮುಚ್ಚಿದಾಗ ಯಾವುದೂ ಇಲ್ಲದ ಹಾಗೇ ಅಲ್ವಾ? ಜೀಪಿನವರು ಗೊಣಗಿದರು, ರಾತ್ರಿ ಕಾಯೋರು ಯಾರು, ಡೀಸೆಲ್ ಯಾರು ಹಾಕ್ತಾರೆ ಅಂತ. ಆಚೆ ದಡದಲ್ಲಿ ಅವರ ಭಾವನ ಮನೆ ಇತ್ತು, ಅಲ್ಲೇ ನಿಲ್ಲಿಸೋದು ಅಂತಾಯಿತು. ಡೀಸೆಲ್ ಲೆಕ್ಕ ಇನ್ನೂ ಸರಿಹೋಗಿಲ್ಲ, ಅದು ಬೇರೆ ವಿಷಯ.

ಪುನರ್ವಸು ಮಳೆಯಲ್ಲಿ ಅದರ ಬೆಲೆ ತಿಳಿಯಿತು. ಬೆಳಿಗ್ಗೆ ಹೊತ್ತಿಗೆ ಹಳ್ಳದ ಈಚೆಯ ತಿರುವಿನಲ್ಲಿ ದರೆ ಜಾರಿ, ಮರ ಸಮೇತ ರಸ್ತೆಗೆ ಮಲಗಿತ್ತು. ಅವತ್ತೇ ಡಯಾಲಿಸಿಸ್‌ಗೆ ಹೋಗಬೇಕಾದವರು ಒಬ್ಬರಿದ್ದರು. ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ. ಆಶಾ ಅಕ್ಕನ ಪಟ್ಟಿಯ ಒಂದು ನಕಲು ಹಾಲಿನ ಡೈರಿಯ ಗೋಡೆ ಮೇಲಿತ್ತು, ಹಾಲು ಹಾಕೋಕೆ ಬಂದವರೇ ಒಬ್ಬೊಬ್ಬರನ್ನು ಕರೆದುಕೊಂಡು ಬಂದರು. ಮಿಷನ್ ಬಂತು, ಹಗ್ಗ ಬಂತು. ಮೇಲಿಂದ ಇನ್ನೂ ಕಲ್ಲು ಉದುರುತ್ತಾ ಅಂತ ನೋಡೋಕೆ ಒಬ್ಬರನ್ನು ದೂರ ನಿಲ್ಲಿಸಿ, ಕೊಂಬೆ ಕೊಯ್ದು ಒಬ್ಬರು ನುಸುಳುವಷ್ಟು ದಾರಿ ಮಾಡಿದರು. ಪ್ಲಾಸ್ಟಿಕ್ ಕುರ್ಚಿಗೆ ಅಡಿಕೆ ದಬ್ಬೆ ಕಟ್ಟಿ ಅವರನ್ನು ಕೂರಿಸಿ ಆಚೆ ದಾಟಿಸಿದೆವು. ಕಂಬಳಿ ಕೊಪ್ಪೆಯೊಳಗಿಂದ ಅವರು, "ಮೆಲ್ಲಗೆ ಮಾರಾಯ್ರೇ, ಬೀಳಿಸಿದರೆ ಮಣಿಪಾಲಕ್ಕೇ ಹೋಗಬೇಕಾಗುತ್ತೆ" ಅಂತ ತಮಾಷೆ ಮಾಡ್ತಿದ್ದರು. ಜೀಪು ಆಚೆ ಇತ್ತು. ರಸ್ತೆ ಬಿಡಿಸುವ ಯಂತ್ರ ಬಂದಾಗ ಕತ್ತಲಾಗಿತ್ತು.

ಆ ಶೆಡ್ಡಿನ ಹಿಂದಿನ ದರೆ ಆ ವರ್ಷ ಬೀಳಲಿಲ್ಲ. ಅಣ್ಣಯ್ಯ ಈಗ "ನಾನು ಹೇಳಲಿಲ್ವಾ" ಅಂತಾರೆ. ಆದರೆ ಹಿಂದಿನ ಕೋಣೆಯಲ್ಲಿ ಅಡಿಕೆ ಚೀಲ ಮಾತ್ರ ಇದೆ, ಮಂಚ ಮುಂದಿನ ಜಗಲಿಗೆ ಬಂದಿದೆ. ಟವರಿನ ಡೀಸೆಲ್ ಬಗ್ಗೆ ಬರೆದ ಅರ್ಜಿಗೆ ಉತ್ತರ ಬಂದಿಲ್ಲ. ಶಾಲೆ ಮಕ್ಕಳು ದಾಟುವ ಸಂಕಕ್ಕೆ, ಅಂದರೆ ಕಾಲುಸೇತುವೆಗೆ, ಅಂದಾಜು ಪಟ್ಟಿ ಆಗಿದೆಯಂತೆ, ದುಡ್ಡು ಬಂದಿಲ್ಲವಂತೆ. ಮುಂದಿನ ವಾರ್ಡ್ ಸಭೆಯಲ್ಲಿ ಮೊದಲು ಅದನ್ನೇ ಎತ್ತೋದು, ಮನೆ ಹಂಚಿಕೆ ಆಮೇಲೆ.