ಊರಿನ ಋತುಮಾನಕ್ಕೆ ಒಗ್ಗಿದ ಓಟ

ಜನವರಿಯಲ್ಲಿ ಗೋಡೆಗೆ ಅಂಟಿಸಿದ್ದ ತರಬೇತಿಯ ಪಟ್ಟಿ ಶಿವರಾತ್ರಿಯ ಹೊತ್ತಿಗೆ ಕೆಳಗಿಳಿಯಿತು. ಪಟ್ಟಿಯೇನೂ ಕೆಟ್ಟದ್ದಾಗಿರಲಿಲ್ಲ. ಚಳಿಗಾಲದಲ್ಲಿ ಹಿಮ ಬಿದ್ದು, ಬೇಸಿಗೆಯಲ್ಲಿ ಕಾಡುದಾರಿ ತೆರೆದುಕೊಳ್ಳುವ ಯಾವುದೋ ದೇಶದವರಿಗೆಂದು ಮಾಡಿದ್ದು. ಶಿರಸಿಯಲ್ಲಿದ್ದುಕೊಂಡು ಅದನ್ನು ಪಾಲಿಸಹೊರಟರೆ ಮಂಗನ ಕಾಯಿಲೆಯ ಕಾಲದಲ್ಲಿ ತರಗೆಲೆಯ ಮೇಲೆ ಹೆಚ್ಚು ಓಡಬೇಕು, ಕಾಡು ಓಟಕ್ಕೆ ಹದವಾಗಿರುವ ಅಕ್ಟೋಬರಿನಲ್ಲಿ ವಿಶ್ರಾಂತಿ ತೆಗೆದುಕೊಳ್ಳಬೇಕು. ಆದ್ದರಿಂದ ಪಟ್ಟಿಯನ್ನು ಊರಿಗೆ ತಕ್ಕಂತೆ ತಿರುಗಿಸಿ ಬರೆದುಕೊಂಡೆ. ಅದು ಹೇಗೆ ನಡೆಯಿತು ಎಂಬುದರ ವರದಿ ಇದು.

ಮೊದಲು ಉಣುಗಿನ ಮಾತು. ಉಣುಗಿನ ಕಡಿತದಿಂದ ಹರಡುವ ಮಂಗನ ಕಾಯಿಲೆ, ಅಂದರೆ ಕ್ಯಾಸನೂರು ಕಾಡಿನ ಕಾಯಿಲೆ, ಮೊದಲು ಗುರುತಾದದ್ದು 1957ರಲ್ಲಿ, ಪಕ್ಕದ ಸೊರಬ ತಾಲ್ಲೂಕಿನಲ್ಲಿ. ನಮ್ಮ ಸಿದ್ದಾಪುರದ ಕಡೆಯೂ ಅದು ಜೀವಗಳನ್ನು ತೆಗೆದಿದೆ. ಮಳೆಗಾಲ ಮುಗಿದು ನೆಲ ಒಣಗಿದ ಮೇಲೆ ಉಣುಗಿನ ಮರಿಗಳು ಹೆಚ್ಚುತ್ತವೆ. ಡಿಸೆಂಬರಿನಿಂದ ಮೇ ತನಕ ಅವುಗಳದ್ದೇ ಕಾಲ. ಓಟಗಾರರು ಬಯಸುವ ಚಳಿಯ ಮುಂಜಾವು, ಜಾರದ ದಾರಿ, ತೊರೆಗಳಲ್ಲಿ ಮೊಣಕಾಲಿಗಿಂತ ಕೆಳಗಿನ ನೀರು ಎಲ್ಲವೂ ಸಿಗುವುದು ದುರದೃಷ್ಟಕ್ಕೆ ಇದೇ ತಿಂಗಳುಗಳಲ್ಲಿ. ಈ ವರ್ಷದಿಂದ ಆ ಆಸೆಯನ್ನು ಬಿಟ್ಟಿದ್ದೇನೆ. ಡಿಸೆಂಬರ್ ಬಂದರೆ ಸೊಪ್ಪಿನ ಬೆಟ್ಟದ ಒಳದಾರಿಗಳಿಗೆ ಇಳಿಯುವುದಿಲ್ಲ. ಎಲ್ಲಾದರೂ ದಾಟಲೇಬೇಕಾದರೆ ಉದ್ದನೆಯ ಕಾಲುಚೀಲ, ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆ, ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ, ತೊಟ್ಟ ಬಟ್ಟೆಗೂ ಕುದಿವ ನೀರು. ಮಂಗ ಸತ್ತ ಸುದ್ದಿ ಬಂದ ದಿಕ್ಕಿನತ್ತ ತಲೆಯನ್ನೂ ಹಾಕುವುದಿಲ್ಲ. ತೋಟಕ್ಕೆಂದು ಕಾಡಿನ ದರಕು (ತರಗೆಲೆ) ಗುಡಿಸಿ ತರುವವರಿಗೆ ಇಂಥ ಆಯ್ಕೆ ಇಲ್ಲ. ನನ್ನದು ಹವ್ಯಾಸ, ಆರು ತಿಂಗಳು ದೂರ ಉಳಿದರೆ ತೋಟಕ್ಕೇನೂ ನಷ್ಟವಾಗುವುದಿಲ್ಲ.

ಆ ಆರು ತಿಂಗಳ ಓಟವನ್ನು ಬಹುಪಾಲು ಡಾಂಬರು ರಸ್ತೆಗೂ ಕರಾವಳಿಗೂ ವರ್ಗಾಯಿಸಿದೆ. ಭಾನುವಾರ ಮುಂಜಾನೆ ಘಟ್ಟ ಇಳಿದು ಕುಮಟಾ ಅಥವಾ ಗೋಕರ್ಣ. ಗೋಕರ್ಣದ ಕುಡ್ಲೆಯಿಂದ ಓಂ ಬೀಚ್, ಅಲ್ಲಿಂದ ಹಾಫ್ ಮೂನ್, ಮುಂದೆ ಪ್ಯಾರಡೈಸ್ ತನಕ ಗುಡ್ಡದಂಚಿನಲ್ಲಿ ಹೋಗುವ ಕಾಲುದಾರಿ ಚಿಕ್ಕದಾದರೂ ಏರಿಳಿತಕ್ಕೆ ಕೊರತೆಯಿಲ್ಲ. ಕೊನೆಯ ಭಾಗದಲ್ಲಿ ಬಂಡೆಗಳ ಮೇಲೆ ಕೈಯನ್ನೂ ಊರಬೇಕು. ಮರಳಿನಲ್ಲಿ ಓಡುವವರಿಗೆ ಗಡಿಯಾರಕ್ಕಿಂತ ಸಮುದ್ರದ ವೇಳೆಯೇ ಮುಖ್ಯ. ಇಳಿತದ ಹೊತ್ತಿನಲ್ಲಿ ನೀರು ಬಿಟ್ಟುಹೋದ ಒದ್ದೆ ಮರಳು ಗಟ್ಟಿಯಾಗಿರುತ್ತದೆ, ಭರತದ ಹೊತ್ತಿನಲ್ಲಿ ಉಳಿಯುವುದು ಕಾಲು ಹೂಳುವ ಒಣ ಮರಳು ಮಾತ್ರ. ದಿನದಿಂದ ದಿನಕ್ಕೆ ಇಳಿತ, ಭರತಗಳ ವೇಳೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುವುದರಿಂದ ಈ ವಾರ ಬೆಳಿಗ್ಗೆ ಆರಕ್ಕೆ ಸಿಕ್ಕ ಗಟ್ಟಿ ಮರಳು ಮುಂದಿನ ವಾರ ಅದೇ ಹೊತ್ತಿಗೆ ಸಿಗುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ಹೆಚ್ಚು ಹಿಂದೆ ಸರಿಯುತ್ತದೆ. ಮೀನುಗಾರರಿಗೆ ಇದೆಲ್ಲ ಹುಟ್ಟಿನಿಂದ ಗೊತ್ತು. ಘಟ್ಟದ ಮೇಲಿನವನಾದ ನಾನು ಪಂಚಾಂಗ ನೋಡಿ ಕಲಿಯಬೇಕಾಯಿತು. ದಂಡೆ ಸಮುದ್ರದ ಕಡೆಗೆ ವಾಲಿರುವುದರಿಂದ ಒಂದೇ ದಿಕ್ಕಿಗೆ ಓಡಿದರೆ ಒಂದು ಸೊಂಟಕ್ಕೆ ನೋವು ಖಚಿತ. ಹೋದಷ್ಟೇ ದೂರ ಮರಳಿ ಬರಬೇಕು.

ಕರಾವಳಿಯ ಸೆಖೆಯ ಬಗ್ಗೆ ಒಂದು ಮಾತು. ಗಾಳಿಯಲ್ಲಿ ತೇವ ತುಂಬಿದ್ದರೆ ಬೆವರು ಆರುವುದಿಲ್ಲ, ಆರದ ಬೆವರಿನಿಂದ ಮೈ ತಣ್ಣಗಾಗುವುದಿಲ್ಲ. ಮೈಯನ್ನು ತಂಪಾಗಿಸಲು ರಕ್ತ ಚರ್ಮದ ಕಡೆಗೆ ಹರಿಯಬೇಕು, ಹೃದಯ ಚರ್ಮ, ಸ್ನಾಯು ಎರಡರ ಬೇಡಿಕೆಗೂ ದುಡಿಯಬೇಕು. ಶಿರಸಿಯಲ್ಲಿ ಹಾಯಾಗಿ ಹೋಗುವ ವೇಗಕ್ಕೆ ಏಪ್ರಿಲಿನ ಕುಮಟಾದಲ್ಲಿ ನಾಡಿ ಎಲ್ಲಿಗೋ ಏರಿಬಿಡುತ್ತದೆ. ವೇಗದ ಮೇಲಿದ್ದ ನನ್ನ ಮೋಹ ಕರಗಿದ್ದು ಅಲ್ಲಿಯೇ.

ಜೂನ್ ಬಂದ ಮೇಲೆ ಕಿಲೋಮೀಟರ್ ಲೆಕ್ಕವನ್ನೂ ಬಿಟ್ಟೆ. ದಟ್ಟ ಕಾನಿನ ನೆರಳಿನಲ್ಲಿ, ಕಣಿವೆಯ ತಳದಲ್ಲಿ ಕೈಗಡಿಯಾರದ ಜಿಪಿಎಸ್ ಹೇಳುವ ದೂರವನ್ನು ನಂಬುವುದು ಕಷ್ಟ. ನಂಬಿದರೂ ಕೆಸರು, ಪಾಚಿಗಟ್ಟಿದ ಜಂಬಿಟ್ಟಿಗೆ, ಅಡಿಕೆ ದಬ್ಬೆಯ ಸಂಕ ದಾಟಿ ಹೋದ ಒಂದು ಕಿಲೋಮೀಟರಿಗೂ ಬನವಾಸಿ ರಸ್ತೆಯ ಒಂದು ಕಿಲೋಮೀಟರಿಗೂ ಎಲ್ಲಿಯ ಸಂಬಂಧ? ಈಗ ಗಂಟೆ ಮತ್ತು ಏರು, ಇವೆರಡನ್ನೇ ಬರೆದಿಡುತ್ತೇನೆ. ಸ್ಕಾಟ್‌ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲೇ ಬೆಟ್ಟ ನಡೆಯುವವರಿಗೆ ಒಂದು ಸೂತ್ರ ಕೊಟ್ಟಿದ್ದ: ಮೂರು ಮೈಲಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 2000 ಅಡಿ ಏರಿಗೆ ಇನ್ನೊಂದು ಗಂಟೆ. ಸಮುದ್ರಮಟ್ಟದಿಂದ ಶಿರಸಿಯ ಎತ್ತರ ಹೆಚ್ಚುಕಡಿಮೆ ಅಷ್ಟೇ, ಸುಮಾರು 600 ಮೀಟರ್. ಓಡುವವರಿಗೂ ಈ ಹಳೆಯ ಸೂತ್ರ ಅಂದಾಜಿಗೆ ಸಾಕು. ಕಡಿದಾದ ಏರಿನಲ್ಲಿ ಓಡುವುದಕ್ಕಿಂತ ಬಿರುಸಾಗಿ ನಡೆದರೆ ಶಕ್ತಿ ಉಳಿಯುತ್ತದೆ. ಹಾಗಾಗಿ ಉಬ್ಬಿನಲ್ಲಿ ತೊಡೆಗೆ ಕೈ ಕೊಟ್ಟು ನಡೆಯಲು ಈಗ ಸಂಕೋಚವಿಲ್ಲ.

ಉಂಬಳಗಳು (ನೆಲದ ಜಿಗಣೆಗಳು) ಎಂದಿನಂತೆ ಇದ್ದವು. ಕಾಲುಚೀಲದ ಅಂಚಿಗೆ ಸುಣ್ಣ, ಹೊಗೆಸೊಪ್ಪಿನ ಪುಡಿ ಹಚ್ಚಿದರೆ ಸ್ವಲ್ಪ ದೂರ ತಡೆಯುತ್ತವೆ, ಮಳೆ ಜೋರಾದರೆ ಅದೂ ತೊಳೆದುಹೋಗುತ್ತದೆ. ಅವು ಬಿಟ್ಟ ಮೇಲೂ ರಕ್ತ ಹರಿಯುತ್ತಲೇ ಇರುವುದು ಹೆಪ್ಪುಗಟ್ಟದಂತೆ ತಡೆಯುವ ಹಿರುಡಿನ್ ಎಂಬ ವಸ್ತುವಿನಿಂದ. ನೋಡಲು ಭೀಕರ, ಉಣುಗಿಗೆ ಹೋಲಿಸಿದರೆ ಸಜ್ಜನ ಪ್ರಾಣಿ. ನನಗೆ ಮಳೆಗಾಲದ ನಿಜವಾದ ಭಯ ಗುಡ್ಡದ್ದು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದ ಮೇಲೆ, ಕಡಿದ ಮಣ್ಣಿನ ಗೋಡೆಯ ಕೆಳಗೆ ಮಳೆಯಲ್ಲಿ ಓಡುವ ಧೈರ್ಯ ನನಗಿಲ್ಲ. ಎರಡು ದಿನ ಬಿಡದೆ ಸುರಿದರೆ ದೇವಿಮನೆ ಘಟ್ಟದ ಕಡೆಯ ಓಟ ರದ್ದು. ಆ ದಿನ ಊರಿನ ಸುತ್ತಲಿನ ಸಪಾಟು ದಾರಿಯೇ ಗತಿ.

ನಿಧಾನ ಓಟ ಈ ವರ್ಷದ ಎರಡನೆಯ ದೊಡ್ಡ ಬದಲಾವಣೆ. ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್ ತನ್ನ ಶಿಷ್ಯರನ್ನು ಆಕ್ಲೆಂಡ್ ಬಳಿಯ ವೈಟಾಕೆರೆ ಬೆಟ್ಟಗಳಲ್ಲಿ 22 ಮೈಲಿಯ ಸುತ್ತು ಓಡಿಸುತ್ತಿದ್ದ. ಬರೀ 800 ಮೀಟರಿನ ಓಟಗಾರ ಪೀಟರ್ ಸ್ನೆಲ್‌ಗೂ ವಿನಾಯಿತಿ ಇರಲಿಲ್ಲ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಸ್ನೆಲ್ 800 ಮೀಟರಿನಲ್ಲಿ, ಮರ್ರೆ ಹಾಲ್ಬರ್ಗ್ 5000 ಮೀಟರಿನಲ್ಲಿ ಒಂದೇ ದಿನ ಚಿನ್ನ ಗೆದ್ದರು. ಈಚಿನ ದಶಕಗಳಲ್ಲಿ ಸ್ಟೀಫನ್ ಸೈಲರ್ ಎಂಬ ಸಂಶೋಧಕ ಗಮನಿಸಿದ್ದೂ ಇದಕ್ಕೆ ಹತ್ತಿರದ್ದು: ದೂರದ ಆಟಗಳ ಮೇಲ್ಮಟ್ಟದ ಕ್ರೀಡಾಪಟುಗಳು ತಮ್ಮ ಅಭ್ಯಾಸದಲ್ಲಿ ಸುಮಾರು ಶೇ. 80ರಷ್ಟನ್ನು ಹಗುರವಾಗಿಯೇ ಮಾಡುತ್ತಾರೆ. ನನ್ನಂಥ ಹವ್ಯಾಸಿಗಳು ಮಾಡುವುದು ನಡುವಿನದ್ದು. ಹಗುರವೂ ಅಲ್ಲದ, ಕಠಿಣವೂ ಅಲ್ಲದ ಆ ವೇಗದಲ್ಲಿ ದಿನವೂ ಸುಸ್ತಾಗುತ್ತದೆ, ಫಲ ಮಾತ್ರ ಕಾಣುವುದಿಲ್ಲ.

ಹಗುರ ಎಂದರೆ ಎಷ್ಟು ಎಂದು ತಿಳಿಯಲು ಪೂರ್ತಿ ವಾಕ್ಯ ಮಾತನಾಡಿ ನೋಡಿ ಎನ್ನುತ್ತಾರೆ. ಒಬ್ಬನೇ ಓಡುವವನು ಯಾರೊಂದಿಗೆ ಮಾತನಾಡಬೇಕು? ನಾನು ಯಕ್ಷಗಾನದ ಪದ ಹೇಳಿಕೊಳ್ಳುತ್ತೇನೆ. ಚರಣ ಮುಗಿಯುವ ತನಕ ಉಸಿರು ಕಟ್ಟದಿದ್ದರೆ ವೇಗ ಸರಿ. ಏರುಪದ ಹಿಡಿದು ಏರು ಹತ್ತುವ ಪ್ರಯತ್ನವನ್ನೂ ಮಾಡಿದ್ದೇನೆ, ಭಾಗವತರ ಮೇಲಿದ್ದ ಗೌರವ ಹೆಚ್ಚಾಯಿತು. ಬೇಲಿಯ ಉಣುಗೋಲಿನ ಆಚೆ ನಿಂತು ಕೇಳಿಸಿಕೊಂಡ ನೆರೆಮನೆಯ ಹಿರಿಯರು, “ತಮಾ, ಮೊದಲೆಲ್ಲ ಬರೀ ಓಡುತ್ತಿದ್ದೆ, ಈಗ ಪದವೂ ಶುರುವಾಯಿತಾ?” ಎಂದರು. ಕಾಡುಕೋಣಗಳಿರುವ ದಾರಿಯಲ್ಲಿ ಸ್ವಲ್ಪ ಸದ್ದು ಮಾಡಿಕೊಂಡು ಹೋಗುವುದು ಒಳ್ಳೆಯದೇ ಎಂದು ಸಮಜಾಯಿಷಿ ಕೊಟ್ಟೆ. ಅದು ಪೂರ್ಣ ನೆಪವೇನೂ ಅಲ್ಲ. ಕಿವಿಗೆ ಹಾಡು ಸಿಕ್ಕಿಸಿಕೊಂಡು ಓಡುವುದನ್ನು, ಬೆಳಕು ಹರಿಯುವ ಮೊದಲೇ ಹೊರಡುವುದನ್ನು ಕಾಡುಪ್ರಾಣಿಗಳ ಕಾರಣಕ್ಕೇ ನಿಲ್ಲಿಸಿದ್ದೇನೆ.

ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಮಳೆಗಾಲದಲ್ಲಿ ತಕರಾರು ತೆಗೆಯಿತು. ವೈದ್ಯರ ಸಲಹೆಯಂತೆ ಆರಿಸಿಕೊಂಡದ್ದು ಸ್ವೀಡನ್ನಿನ ಹಾಕನ್ ಆಲ್ಫ್ರೆಡ್ಸನ್ 1998ರಲ್ಲಿ ಪ್ರಕಟಿಸಿದ ವ್ಯಾಯಾಮ. ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲಿನ ಮೇಲೆ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುವುದು. ಮಂಡಿ ನೇರವಾಗಿಟ್ಟು 15ರಂತೆ ಮೂರು ಸಲ, ಮಂಡಿ ಬಾಗಿಸಿ ಮತ್ತೆ ಮೂರು ಸಲ, ದಿನಕ್ಕೆ ಎರಡು ಹೊತ್ತು, 12 ವಾರ. ಬೇಸರದಲ್ಲಿ ಇದನ್ನು ಮೀರಿಸಿದ್ದು ಇನ್ನೊಂದಿಲ್ಲ. ಜಗುಲಿಯ ಮೆಟ್ಟಿಲಿನಲ್ಲಿ ನಾನು ಏರಿಳಿಯುವುದನ್ನು ನೋಡಿ ಆಯಿ, “ಇಷ್ಟು ಹೊತ್ತು ಒಂದೇ ಮೆಟ್ಟಿಲು ಇಳಿಯುವವನು ಘಟ್ಟ ಯಾವಾಗ ಇಳಿಯುತ್ತೀಯ?” ಎಂದು ಕೇಳಿದಳು. ನೋವು ಹೋಗಿದೆ. ವ್ಯಾಯಾಮವನ್ನು ಕಡಿಮೆ ಮಾಡಿದ್ದೇನೆ, ಬಿಟ್ಟಿಲ್ಲ.

ಊಟದಲ್ಲಿ ಹೆಚ್ಚು ಬದಲಾಗಲಿಲ್ಲ. ದೀರ್ಘ ಓಟದಲ್ಲಿ ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟ ಬೇಕೆನ್ನುತ್ತಾರೆ. ದುಬಾರಿ ಜೆಲ್ ಪೊಟ್ಟಣಗಳ ಬದಲು ಚಿಕ್ಕ ಮೆದು ಬಾಟಲಿಯಲ್ಲಿ ಜೋನಿ ಬೆಲ್ಲ, ಒಂದು ಚಿಟಿಕೆ ಉಪ್ಪು, ಜೊತೆಗೆ ಬಾಳೆಹಣ್ಣು. ಇರುವೆಗಳ ಕಾಟ ಬಿಟ್ಟರೆ ದೂರಿಲ್ಲ. ಮನೆಗೆ ಬಂದ ಮೇಲೆ ಮಾವಿನ ಹುಳಿಯ ತಿಳಿಸಾರು, ಅಪ್ಪೆಹುಳಿ. ಕುಡಿದರೆ ನಿದ್ದೆ ಬರುತ್ತದೆ ಎಂಬ ಹೆಸರು ಅದಕ್ಕಿದೆ, ನನಗಂತೂ ಬರುತ್ತದೆ.

ಅಕ್ಟೋಬರ್, ನವೆಂಬರ್ ಮೊದಲ ವಾರಗಳು ಇಡೀ ವರ್ಷದ ಕೂಲಿಯನ್ನು ಕೊಟ್ಟವು. ಮಳೆ ಹಿಂದೆ ಸರಿದಿತ್ತು, ಉಣುಗು ಇನ್ನೂ ಎದ್ದಿರಲಿಲ್ಲ, ಹಳ್ಳಗಳಲ್ಲಿ ನೀರು ತಿಳಿಯಾಗಿತ್ತು. ಮೀಸಲು ಅರಣ್ಯದೊಳಗೆ ನುಗ್ಗದೆ ಊರಿಂದ ಊರಿಗೆ ಜನ ನಡೆಯುವ ದಾರಿಗಳಲ್ಲೇ ಮೂರು ನಾಲ್ಕು ಗಂಟೆ ಓಡಿದೆ. ಹಗುರವಾಗಿ ಕಳೆದ ತಿಂಗಳುಗಳ ಫಲ ಕಂಡದ್ದು ಇಳಿಜಾರಿನಲ್ಲಿ. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕಾಗುವುದರಿಂದ ಮರುದಿನಕ್ಕಿಂತ ಮೂರನೆಯ ದಿನ ಹೆಚ್ಚು ನೋಯುವುದುಂಟು. ಪ್ರತಿ ವಾರ ಸ್ವಲ್ಪ ಸ್ವಲ್ಪ ಇಳಿಜಾರು ಸೇರಿಸುತ್ತಾ ಬಂದಿದ್ದರಿಂದ ಈ ಸಲ ಸೋಮವಾರ ತೋಟಕ್ಕೆ ಇಳಿಯಲು ಕಂಬ ಹಿಡಿಯಬೇಕಾಗಲಿಲ್ಲ.

ಈಗ ಅಡಿಕೆ ಕೊಯ್ಲಿನ ಸಮಯ. ಕೊನೆಗೌಡರು ಮರದಿಂದ ಮರಕ್ಕೆ ದಾಟುತ್ತಿದ್ದಾರೆ, ರಾತ್ರಿ ಹತ್ತರ ತನಕ ಸುಲಿಯುವ ಕೆಲಸ, ಒಲೆಯ ಮೇಲೆ ಹಂಡೆ. ನಿದ್ದೆ ಕಡಿಮೆಯಾದ ದಿನ ಓಟವನ್ನೂ ಕಡಿಮೆ ಮಾಡುತ್ತೇನೆ, ಪಟ್ಟಿಯಲ್ಲಿ ಇದನ್ನು ವಿಶ್ರಾಂತಿಯ ತಿಂಗಳೆಂದೇ ಬರೆದಿದ್ದೇನೆ. ಹೊರೆ ಹೊತ್ತು ತೋಟದ ಏರು ಹತ್ತುವುದನ್ನು ವ್ಯಾಯಾಮದ ಲೆಕ್ಕಕ್ಕೆ ಸೇರಿಸಬಹುದೇ ಎಂದು ಅಪ್ಪಯ್ಯನನ್ನು ಕೇಳಿದೆ. ಹೊರೆ ಇನ್ನೂ ದೊಡ್ಡದಾಯಿತು.

ಮುಂದಿನ ಅಕ್ಟೋಬರಿಗೆ ಒಂದು ಯೋಜನೆಯಿದೆ. ಕುಮಟಾದಿಂದ ಘಟ್ಟ ಹತ್ತಿ ಶಿರಸಿ, ರಸ್ತೆಯಲ್ಲಿ ಸುಮಾರು 60 ಕಿಲೋಮೀಟರ್. ನೈಸ್ಮಿತ್ ಲೆಕ್ಕದಲ್ಲಿ ನಡೆದರೆ 13 ಗಂಟೆ ದಾಟುತ್ತದೆ, ಓಟ ನಡಿಗೆ ಬೆರೆಸಿದರೆ ಹತ್ತರೊಳಗೆ ಮುಗಿಸಬಹುದು ಎಂಬ ಅಂದಾಜು. ಜೊತೆಗೆ ಬರಲು ಒಪ್ಪಿರುವ ಸ್ನೇಹಿತ ಶಿರಸಿಯಿಂದ ಕೆಳಗೆ ಓಡೋಣ ಎನ್ನುತ್ತಾನೆ. ಕೊನೆಗೆ ಸಮುದ್ರದಲ್ಲಿ ಕಾಲು ಚಾಚಿ ಕೂರಬಹುದು ಎಂಬುದು ಅವನ ವಾದ. ಇಳಿಜಾರಿನಲ್ಲಿ ತೊಡೆ ಕಳೆದುಕೊಂಡು ಕರಾವಳಿಯ ಸೆಖೆಯಲ್ಲಿ ಮಧ್ಯಾಹ್ನ ಓಡುವವರು ಯಾರು ಎಂಬುದು ನನ್ನದು. ಚರ್ಚೆ ಇನ್ನೂ ಮುಗಿದಿಲ್ಲ, ಕೊಯ್ಲು ಮುಗಿಯುವ ತನಕ ಸಮಯವೂ ಇದೆ.