ಗಂಟುಮುಖದ ಪಟ

14 ನವೆಂಬರ್ 2025, ಶುಕ್ರವಾರ

ರಾತ್ರಿ ಮೊಸರವಲಕ್ಕಿಯಲ್ಲೇ ಮುಗಿಸಿದೆವು. ಸಂಜೆಯೆಲ್ಲ ಹೋಲ್-ಇನ್-ದ-ಡೇ ನುಂಗಿದ.

ಅಮೆರಿಕದ ಮೂಲನಿವಾಸಿಗಳಾದ ಒಜಿಬ್ವೆಗಳ ಮುಖಂಡ. ಅವರ ಭಾಷೆಯಲ್ಲಿ ಬಗೋನೆಗೀಜಿಗ್. ಮಿನ್ನೆಸೋಟದ ಸೇಂಟ್ ಪಾಲ್‌ನ ವಿಟ್ನಿ ಸ್ಟುಡಿಯೋದಲ್ಲಿ ತೆಗೆದ ಪಟ, ಅಂಗೈಯಗಲದ ರಟ್ಟಿಗೆ ಅಂಟಿಸಿದ್ದು. ಕಾಗದಕ್ಕೆ ಮೊಟ್ಟೆಯ ಬಿಳಿ ಬಳಿದು ಅಚ್ಚು ಹಾಕುತ್ತಿದ್ದರಂತೆ. ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿ ನೋಡ್ತಾ ಇದ್ದೆ, ಅಮ್ಮ ಬೆನ್ನ ಹಿಂದೆ ಬಂದು ನಿಂತರು.

"ಯಾಕೆ ಇಷ್ಟು ಗಂಟುಮುಖ? ಯಾರ ಮೇಲೆ ಸಿಟ್ಟು?"

"ಸಿಟ್ಟಲ್ಲಮ್ಮ. ಆಗಿನ ಕ್ಯಾಮೆರಾ ಮುಂದೆ ಒಂದಷ್ಟು ಸೆಕೆಂಡು ಅಲ್ಲಾಡೋ ಹಾಗಿರಲಿಲ್ಲ. ತಲೆ ಹಿಂದೆ ಕಬ್ಬಿಣದ ಆನಿಕೆ ಕೊಟ್ಟು ನಿಲ್ಲಿಸ್ತಿದ್ದರು."

"ಸಿಟ್ಟೂ ಇರಬಹುದಲ್ಲ?"

ಇರಬಹುದು, ಯಾಕಿರಬಾರದು. ಅಮೆರಿಕ ಸರ್ಕಾರದ ಜೊತೆ ಒಪ್ಪಂದದ ಮೇಲೆ ಒಪ್ಪಂದ, ಪ್ರತಿ ಸಲವೂ ನೆಲ ಹೋಗಿದ್ದು ಇವರದೇ. 1867ರ ಒಪ್ಪಂದದ ವಿಷಯ ಮಾತಾಡೋಕೆ ವಾಷಿಂಗ್ಟನ್ನಿಗೆ ಹೊರಟವನನ್ನು 1868ರ ಜೂನ್ 27ರಂದು ಕ್ರೋ ವಿಂಗ್ ಹತ್ತಿರ ಕೊಂದರು. ಕೊಂದವರು ಲೀಚ್ ಲೇಕ್ ಕಡೆಯ ಒಜಿಬ್ವೆಗಳೇ. ಅದರ ಹಿಂದೆ ವ್ಯಾಪಾರಿಗಳ ಕೈವಾಡ ಇತ್ತು ಅಂತಾರೆ. ಬೇಸಿಗೆಯಲ್ಲಿ ಆ ಕ್ರೋ ವಿಂಗ್ ಪಾರ್ಕಿಗೆ ಹೋಗಿದ್ದೆವಲ್ಲ, ಅಮ್ಮ ಇಡೀ ಹೊತ್ತು ಸೊಳ್ಳೆಗೆ ಬೈದರು!

ಇಂಥ ಪಟಗಳನ್ನು ಬಿಳಿಯರು ಕೊಂಡು ಮನೆಯ ಆಲ್ಬಮ್ಮಿಗೆ ಸಿಕ್ಕಿಸಿಕೊಳ್ತಿದ್ದರು. ಅತ್ತೆ, ಮಾವ, ಮಗು, ನಡುವೆ ಒಬ್ಬ ಮುಖಂಡ. ನೆನೆಸಿಕೊಂಡರೇ ಮೈ ಉರಿಯುತ್ತೆ.

ಅವನು ಹೊದ್ದ ಕಂಬಳಿ ಯಾವ ಬಣ್ಣದ್ದು ಅಂತ ಅಮ್ಮ ಕೇಳಿದರು. ಹೇಳೋಕಾಗಲ್ಲ. ಆಗಿನ ಕ್ಯಾಮೆರಾದಲ್ಲಿ ಚಿತ್ರ ಬೀಳ್ತಿದ್ದ ಗಾಜಿನ ಪ್ಲೇಟಿಗೆ ಕೆಂಪು ಕಾಣ್ತಾನೇ ಇರಲಿಲ್ಲ, ಕಪ್ಪಾಗಿ ಬೀಳ್ತಿತ್ತು, ನೀಲಿ ಬೆಳ್ಳಗಾಗ್ತಿತ್ತು.

"ಬಟ್ಟೆಯಾದರೂ ಅವನದೇನಾ?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇನ್ನೊಬ್ಬ ಒಜಿಬ್ವೆ, ಪೀಟರ್ ಜೋನ್ಸ್‌ನ ಪಟ ತೆರೆದೆ. 1845, ಎಡಿನ್‌ಬರೋ, ತೆಗೆದವರು ಹಿಲ್ ಮತ್ತು ಆಡಮ್ಸನ್. ತಾಯಿ ಮಿಸಿಸಾಗ ಒಜಿಬ್ವೆ, ತಂದೆ ವೇಲ್ಸ್ ಮೂಲದ ಸರ್ವೇಯರ್. ಇವನು ಮೆಥಡಿಸ್ಟ್ ಪಾದ್ರಿ, ತನ್ನ ಜನರ ಮಕ್ಕಳ ಶಾಲೆಗೆ ದುಡ್ಡು ಕೂಡಿಸೋಕೆ ಅಲ್ಲಿಗೆ ಹೋಗಿದ್ದ. ಒಂದು ಪಟದಲ್ಲಿ ತನ್ನ ಜನರ ಉಡುಪು, ಇನ್ನೊಂದರಲ್ಲಿ ಪಾದ್ರಿಯ ಕೋಟು. ಮುಖ ಒಂದೇ. ದುಡ್ಡು ಕೊಡೋ ಸಭೆಗೆ ಬೇಕಾಗಿದ್ದದ್ದು ಯಾವುದು ಅಂತ ಅಮ್ಮನಿಗೆ ಹೇಳಬೇಕಾಗಲಿಲ್ಲ.

"ಕೋಟಿಂದೇ ಇಟ್ಟುಕೋ" ಅಂದು ಮಲಗೋಕೆ ಹೋದರು.

ಆದರೆ ಕೋಟು ಮಾತ್ರ ಅವನ ಇಷ್ಟದ್ದು ಅಂತ ನಾವು ಹೇಗೆ ಹೇಳೋದು?